ಮನೆಮಂದಿಗೆಲ್ಲ ಹಂಚಿದ ಗುಳಿಗೆ

"ಒಬ್ಬಾಕೀಗೇ ಕೊಟ್ರ ಹ್ಯಾಂಗ್ರಿ ಡಾಕ್ಟ್ರೇ? ಮನ್ಯಾಗ ಎಲ್ಲಾರಿಗೂ ತುರಿಕಿ ಅದ. ಸಮಾ ಹಂಚೀನ್ರಿ."

ಹುಮನಾಬಾದಿನ ಚರ್ಮದ ದವಾಖಾನೆಯಲ್ಲಿ, ರಾಜೇಶ್ವರ ಊರಿನಿಂದ ಸೊಸೆಯನ್ನು ಕರೆತಂದಿದ್ದ ಅತ್ತೆ ಹೆಮ್ಮೆಯಿಂದಲೇ ಹೀಗೆ ಹೇಳಿದರು. ನನ್ನ ತುರಿಕೆ ತೋರಿಸಲು ಹೋಗಿದ್ದ ನಾನು ಮುಂದಿನ ಪಾಳಿಗಾಗಿ ಒಳಗೇ ಕೂತಿದ್ದೆ. ಸೊಸೆಯ ಗಜಕರ್ಣಕ್ಕೆ ಕೊಟ್ಟಿದ್ದ ಗುಳಿಗೆಗಳು ಇಡೀ ಮನೆಗೆ ಹಂಚಿಹೋಗಿದ್ದವು.

ಡಾಕ್ಟರು ಸೊಸೆಯ ಕುತ್ತಿಗೆ ನೋಡಿದರು. "ಅರ್ಧಮರ್ಧ ಔಷಧಿಗೆ ಈ ಫಂಗಸ್ ಸಾಯಂಗಿಲ್ಲ, ಅದನ್ನ ತಡಕೊಳ್ಳೂದು ಕಲೀತದ. ಈಗ ಆ ಗುಳಿಗಿ ನಾಟವಲ್ದು."

ಅಷ್ಟರಲ್ಲಿ ಅವರ ಕಣ್ಣು ಸೊಸೆಯ ಎದೆಗೊರಗಿದ್ದ ಕೂಸಿನ ಮೇಲೆ ಬಿತ್ತು. ಅದರ ಕೆನ್ನೆಯಲ್ಲಿ, ಕಣ್ಣಿಗೆ ತೀರ ಹತ್ತಿರ, ಕೆಂಪನೆಯ ಸಣ್ಣ ಉಂಗುರ. ಸೊಸೆ ಬೆಚ್ಚಿ ಕೂಸನ್ನು ಮೈಯಿಂದ ದೂರ ಹಿಡಿದಳು.

"ಹಂಗಾರ ನಾ ಇದನ್ನ ಎತ್ಕೊಬಾರದೇನ್ರಿ?"

ಡಾಕ್ಟರು ಟಾರ್ಚ್ ಹುಡುಕಿ, ಕೂಸಿನ ಕೆನ್ನೆಗೆ ಬೆಳಕು ಹಿಡಿದು ನೋಡಿದರು. ಅಷ್ಟು ಹೊತ್ತೂ ಕೂಸು ಅವಳ ಚಾಚಿದ ಕೈಗಳಲ್ಲಿ ಕಾಲು ಬಡಿಯುತ್ತಿತ್ತು.

"ಎತ್ಕೋ ತಾಯಿ, ಹಾಲೂ ಕುಡಿಸು. ನಿನ್ನ ಕುತ್ತಿಗಿ ಮ್ಯಾಲಿನ ಆ ಜಾಗ ಮಾತ್ರ ಬಟ್ಟೀಲೆ ಮುಚ್ಚಿರು. ಬ್ಯಾರೆ ಔಷಧಿ ಕೊಡ್ತೀನಿ. ಅದರೆ ನಾಟತದೋ ಇಲ್ಲೋ, ನೋಡೂಣು."

ನಾನು ಬಸವಕಲ್ಯಾಣದ ನಮ್ಮ ಮನೆ ಸೇರುತ್ತಲೇ ನನ್ನ ತಮ್ಮನು ಸೊಂಟ ಕೆರೆಯುತ್ತ, ಡಾಕ್ಟರು ನನಗೆ ಕೊಟ್ಟಿದ್ದ ಗುಳಿಗೆಗೆ ಕೈಚಾಚಿದ. ನಾನು ಕೊಡಲಿಲ್ಲ. "ಎರಡ್ ಗುಳಿಗಿಗೂ ಕಂಜೂಸಿ ಏನೋ ಅಣ್ಣಾ?" ಎಂದು ನಕ್ಕ. ಮರುದಿನ ಬೆಳಿಗ್ಗೆ ಅವನನ್ನು ಹುಮನಾಬಾದಿನ ಬಸ್ಸು ಹತ್ತಿಸಿದೆ.