ಬಕೆಟ್ಟಿನಲ್ಲಿ ಪಾಸಾದ ಡಬ್ಬಿ

ನಮ್ಮ ಹಿತ್ತಿಲಿನ ನೀಲಿ ಬಕೆಟ್ಟಿನಲ್ಲಿ ನಾನು ಮುಳುಗಿಸಿ ಫೇಲು ಮಾಡಿದ ಡಬ್ಬಿಗಳೆಲ್ಲ ಈಗಲೂ ಅಟ್ಟದ ಮೇಲೆ ಒಂದು ಚೀಲದಲ್ಲಿವೆ. ಎಸೆಯಲು ಮನಸ್ಸಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಫೇಲಾದವರನ್ನು ಹೊರಗೆ ಹಾಕಿ ಅಭ್ಯಾಸವಿಲ್ಲ.

ಇದೆಲ್ಲ ಶುರುವಾದದ್ದು ನಮ್ಮ ಮಾವನಿಂದ, ಅಂದರೆ ನನ್ನ ಗಂಡನ ತಂದೆಯಿಂದ. ತೋವಿನಕೆರೆಯ ಹತ್ತಿರ ನಮ್ಮದೊಂದು ಸೇವಂತಿಗೆ ತೋಟ, ತೋಟದ ಪಕ್ಕದಲ್ಲೇ ಮನೆ. ಎಪ್ಪತ್ತು ದಾಟಿದ ಮಾವ ದಿನಾ ಬೆಳಗಾಗುವ ಮುಂಚೆ ಹೂ ಬಿಡಿಸಿ, ಮೊದಲ ಬಸ್ಸಿಗೆ ಮೂಟೆ ಹಾಕಿ, ಆಮೇಲೆ ಸ್ನಾನ, ಪೂಜೆ, ತಿಂಡಿ ಎಂದು ಸಾಲಾಗಿ ಇಟ್ಟುಕೊಂಡಿದ್ದಾರೆ. ನಡುವೆ ತ್ರೀ ಫೇಸ್ ಕರೆಂಟು ಬಂತೆಂದರೆ ಸಾಲು ಮುರಿಯಿತು ಎಂದೇ ಲೆಕ್ಕ. ಎಲ್ಲಿದ್ದರೂ ಎದ್ದು ಓಡಿ ಮೋಟರ್ ಹಾಕಿ, ಸಾಲುಗಳಿಗೆ ನೀರು ಕಟ್ಟಲು ನಿಲ್ಲುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಬೆಳಗ್ಗೆ ಸಂಜೆ ಇನ್ಸುಲಿನ್ ಸೂಜಿ. ಸಿರಿಂಜಿನ ಗೆರೆಗಳು ಅವರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹೊಳವನಹಳ್ಳಿಯ ಶಾಲೆಗೆ ಬಸ್ಸು ಹಿಡಿಯುವ ಮುಂಚೆ ನಾನೇ ಸೂಜಿ ಚುಚ್ಚಿ, "ಅರ್ಧ ಗಂಟೇಲಿ ತಿಂಡಿ ತಿನ್ನಿ ಮಾವಾ" ಎಂದು ಕೂಗಿ ಓಡುತ್ತಿದ್ದೆ.

ಒಂದು ದಿನ ಸೂಜಿಗೂ ತಿಂಡಿಗೂ ನಡುವೆ ಕರೆಂಟು ಬಂದುಬಿಟ್ಟಿತು. ಪಕ್ಕದ ತೋಟದವರು ನೋಡುವಾಗ ಮಾವ ಸಾಲಿನ ಕೆಸರಿನಲ್ಲಿ ಕೂತು, ಮೈಯೆಲ್ಲ ಬೆವರಿ, ಮೋಟರಿನ ಪೆಟ್ಟಿಗೆಯನ್ನು ಬೈಯುತ್ತಿದ್ದರಂತೆ. ಹೋಟೆಲಿನ ಕಾಫಿಯನ್ನೂ ಮುಟ್ಟದ ಮನುಷ್ಯ ಕುಡಿದಿದ್ದಾರೆ ಎಂದುಕೊಂಡರಂತೆ ಅವರು. ಮಧುಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ನನ್ನನ್ನೇ ನೋಡಿ ಹೇಳಿದರು: "ಸಕ್ಕರೆ ಇಳಿದರೆ ಜೀವಕ್ಕೇ ಅಪಾಯ. ನಡುಕ, ಬೆವರು ಶುರುವಾದ ತಕ್ಷಣ ಮೂರು ಚಮಚ ಸಕ್ಕರೆ ಬಾಯಿಗೆ ಬೀಳಬೇಕು. ಯಾವಾಗಲೂ ಜೇಬಿನಲ್ಲಿರಲಿ." ಸೂಜಿ ಚುಚ್ಚಿ ಬಸ್ಸಿಗೆ ಓಡಿದವಳು ನಾನೇ ತಾನೆ.

ಸಕ್ಕರೆ ಜೇಬಿನಲ್ಲಿಡುವುದು ಯಾವ ದೊಡ್ಡ ಕೆಲಸ ಎಂದುಕೊಂಡೆ. ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟೆ. ನೀರು ಕಟ್ಟುವವರ ಜೇಬಿನಲ್ಲಿ ಕಾಗದ ಎಷ್ಟು ಹೊತ್ತು ಒಣಗಿರುತ್ತದೆ? ಮಧ್ಯಾಹ್ನದ ಹೊತ್ತಿಗೆ ಪಾಕ, ಸಂಜೆಗೆ ಇರುವೆ. "ನಿನ್ ಸಕ್ರೆ ನಂಗಿಂತ ಇರುವೆಗೇ ಜಾಸ್ತಿ ಉಪಕಾರ ಮಾಡ್ತು ಕಣವ್ವ" ಎಂದರು ಮಾವ, ಅಂಗಿ ಕೊಡವುತ್ತಾ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಸಿಟ್ಟು ಬಂದರೆ ನಾನು ಪ್ರಯೋಗ ಮಾಡುತ್ತೇನೆ. ಅದೇ ವಾರ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದವನು ಕಾಡಿಗೆ ಹೋಗುವ ಮುಂಚೆ, ಜೀವ ಉಳಿಸುವ ಸಾಮಾನನ್ನೆಲ್ಲ ನೀರು ಹೋಗದ ಒಂದು ಪುಟ್ಟ ಡಬ್ಬಿಯಲ್ಲಿ ತುಂಬಿ ಜೇಬಿಗಿಳಿಸುತ್ತಿದ್ದ. ಬೆಂಕಿಕಡ್ಡಿ, ಗಾಳ, ದಾರ, ಸೀಟಿ. ನಮ್ಮ ಮಾವನಿಗೆ ಗಾಳ ಬೇಡ, ಕಾಡೂ ಬೇಡ. ಮೂರು ಚಮಚ ಸಕ್ಕರೆ ಒಣಗಿದ್ದರೆ ಸಾಕಿತ್ತು.

ಪರೀಕ್ಷೆಗೆ ನಿಯಮ ಮಾಡಿದೆ. ಡಬ್ಬಿಯೊಳಗೆ ಶಾಯಿಯಲ್ಲಿ ಬರೆದ ಒಂದು ಚೀಟಿ. ಡಬ್ಬಿಗೆ ಕಲ್ಲು ಕಟ್ಟಿ ಒಂದು ಗಂಟೆ ಬಕೆಟ್ಟಿನ ತಳದಲ್ಲಿ. ತೆಗೆದಾಗ ಅಕ್ಷರ ಕದಡಿದ್ದರೆ ಫೇಲು. ಚೀಟಿಯಲ್ಲಿ ಏನು ಬರೆಯುವುದು ಎಂದು ಯೋಚಿಸುವ ಹೊತ್ತಿಗೆ ಕೈ ತಾನಾಗಿ ಬರೆದಿತ್ತು: "ಮೊದ್ಲು ತಿನ್ನಿ, ಆಮೇಲೆ ಜಗಳ." ಅದು ನಮ್ಮ ಅತ್ತೆಯ ಮಾತು. ಮಾವನಿಗೂ ನನಗೂ ಮಾತು ಬೆಳೆದಾಗಲೆಲ್ಲ ಇಬ್ಬರ ಮುಂದೆಯೂ ತಟ್ಟೆ ಕುಕ್ಕಿ ಹಾಗೆನ್ನುತ್ತಿದ್ದರು. ಅವರು ಹೋಗಿ ಆಗ ಎರಡು ವರ್ಷವಾಗಿತ್ತು. ಜಗಳ ನಮ್ಮಲ್ಲಿ ಹಾಗೆಯೇ ಇತ್ತು, ತಟ್ಟೆ ಕುಕ್ಕುವವರು ಇರಲಿಲ್ಲ.

ಮೊದಲು ಮುಳುಗಿದ್ದು ಸ್ಟೀಲಿನ ಎಲೆ-ಅಡಿಕೆ ಡಬ್ಬಿ. ನೋಡಲು ಗಟ್ಟಿ, ಆದರೆ ಮುಚ್ಚಳದ ಕೀಲಿನ ಸಂದಿಯಿಂದ ಗುಳುಗುಳು ಎಂದು ಗುಳ್ಳೆ ಬಂತು. ನೋವಿನ ಮುಲಾಮಿನ ಗಾಜಿನ ಶೀಶೆ ನೀರಿಗೆ ಜಗ್ಗಲಿಲ್ಲ. ಆದರೆ ಸಕ್ಕರೆಗೆ ಮುಲಾಮಿನ ವಾಸನೆ ಹತ್ತಿ, ಮಾವ ಒಂದು ಚಿಟಿಕೆ ಬಾಯಿಗಿಟ್ಟು, "ಇದ್ನ ಮಂಡಿಗೆ ಹಚ್ಕಳ್ಳಾದಾ, ತಿನ್ನಾದಾ?" ಎಂದು ಕೇಳಿದರು. ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಪಂಪ್‌ಹೌಸಿನ ಬೀಗದ ಕೈ ತೂತು ಮಾಡಿತು. ಮಾತ್ರೆಯ ಡಬ್ಬಿಯೊಂದು ಬಕೆಟ್ಟಿನಲ್ಲಿ ಪಾಸಾಯಿತು. ಆದರೆ ಅದರ ಮುಚ್ಚಳವನ್ನು ಒತ್ತಿಕೊಂಡೇ ತಿರುಗಿಸಬೇಕು. ಮಕ್ಕಳ ಕೈಗೆ ಸಿಗದಿರಲಿ ಎಂದು ಮಾಡಿದ್ದು. ಸಕ್ಕರೆ ಇಳಿದು ಕೈ ನಡುಗುವಾಗ ಇದನ್ನು ಯಾರು ತೆಗೆಯುತ್ತಾರೆ? ಅಂದಿನಿಂದ ಎರಡನೇ ನಿಯಮ ಬಂತು. ಕೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ, ಹತ್ತು ಎಣಿಸುವುದರೊಳಗೆ ಮಾವ ತೆಗೆಯಬೇಕು.

ಮಾವನಿಗೆ ಇದು ಒಳ್ಳೆಯ ತಮಾಷೆಯಾಯಿತು. ಸಂಜೆ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು, "ಇವತ್ತೇನು ಪ್ರಶ್ನೆಪತ್ರಿಕೆ ಟೀಚರಮ್ಮಾ?" ಎನ್ನುತ್ತಿದ್ದರು. ನನ್ನ ಮಗಳು ಜೋರಾಗಿ ಒಂದು, ಎರಡು ಎಣಿಸುವಳು. ಆ ಸಂಜೆಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಭಯದಿಂದ ಶುರು ಮಾಡಿದ ಕೆಲಸ ಎನ್ನುವುದೇ ನಮಗೆ ಮರೆತುಹೋಗಿತ್ತು.

ಗೆದ್ದ ಡಬ್ಬಿ ಸಿಕ್ಕಿದ್ದು ಸಿರಾದಲ್ಲಿ. ನೆಂಟರ ಮದುವೆಗೆ ಹೋದವಳು ಪೇಟೆಯ ಅತ್ತರಿನ ಅಂಗಡಿಗೆ ನುಗ್ಗಿದೆ. ವಯಸ್ಸಾದ ಸಾಬರು ನನ್ನ ಕತೆಯನ್ನೆಲ್ಲ ಕೇಳಿ, ಒಳಗಿನಿಂದ ಬೆರಳುದ್ದದ ಅಲ್ಯೂಮಿನಿಯಂ ಕೊಳವೆಯೊಂದನ್ನು ತಂದರು. ತಿರುಪಿನ ಮುಚ್ಚಳ, ಒಳಗೆ ರಬ್ಬರ್ ಬಳೆ, ತುದಿಯಲ್ಲಿ ದಾರ ಕಟ್ಟಲು ಕೊಂಡಿ. "ಏಕ್ದಂ ಪಕ್ಕಾ ಮೇಡಂ. ಇದ್ರೊಳಗೆ ಹವಾನೂ ಹೋಗಲ್ಲ, ಪಾನೀನೂ ಹೋಗಲ್ಲ. ನಿಮ್ಮ ಮಾವಂಗೆ ಸಲಾಂ ಹೇಳಿ" ಎಂದರು. ನೀಲಿ ಬಕೆಟ್ಟಿನಲ್ಲಿ ಅದು ಒಂದು ಗಂಟೆಯಲ್ಲ, ಇಡೀ ಭಾನುವಾರ ಕೂತು ಎದ್ದುಬಂತು. ಅಕ್ಷರ ಒಂದೂ ಕದಡಿರಲಿಲ್ಲ. ಮಾವ ಆರು ಎಣಿಸುವುದರೊಳಗೆ ತೆಗೆದರು. ನಾನು ಪಾಯಸ ಮಾಡಿದೆ, ಅವರಿಗೆ ಮಾತ್ರ ಕೊಡಲಿಲ್ಲ.

ಮರುದಿನ ಶಾಲೆಗೆ ರಜೆಯಿತ್ತು. ತೋಟಕ್ಕೆ ಹೋಗಿ ನೋಡಿದರೆ ಅಲ್ಯೂಮಿನಿಯಂ ಕೊಳವೆ ಜೇಬಿನಲ್ಲೇ ಇತ್ತು. ಜೇಬು ಅಂಗಿಯಲ್ಲಿತ್ತು. ಅಂಗಿ ಪಂಪ್‌ಹೌಸಿನ ಮೊಳೆಯಲ್ಲಿ ನೇತಾಡುತ್ತಿತ್ತು. ಮಾವ ಆ ತುದಿಯಲ್ಲಿ ಬನಿಯನ್ನಿನಲ್ಲಿ ನಿಂತು ನೀರು ಕಟ್ಟುತ್ತಿದ್ದರು.

"ಏನು ಮಾವಾ ಇದು!"

"ಅಂಗಿ ಬಿಚ್ಚದೆ ಕೆಸರಿಗೆ ಹೆಂಗೆ ಇಳೀಲಿ ಕಣಮ್ಮ?"

ಉತ್ತರ ಸರಿಯಾಗಿಯೇ ಇತ್ತು. ಇಷ್ಟು ದಿನ ಡಬ್ಬಿಯನ್ನು ಪರೀಕ್ಷಿಸಿದವಳು ಜೇಬನ್ನು ಪರೀಕ್ಷಿಸಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಈ ಗೋಳು ಹೇಳಿಕೊಂಡಾಗ, ಪಾವಗಡ ಕಡೆಯ, ತೆಲುಗು ಮನೆಮಾತಿನ ಹಿಂದಿ ಮೇಡಂ ನಕ್ಕುಬಿಟ್ಟರು. "ಜೇಬು ಎಂದುಕು ಮೇಡಂ, ಮೊಲತಾಡು ಲೇದಾ? ಉಡಿದಾರಕ್ಕೆ ಕಟ್ಟಿಬುಡಿ, ಎಲ್ಲಿಗೆ ಹೋಗ್ತದೆ!" ಅದೂ ಸರಿ ಎನಿಸಿತು. ಮಾವನ ಸೊಂಟದ ಕರಿ ಉಡಿದಾರಕ್ಕೆ ಕೊಳವೆ ಕಟ್ಟಿಯಾಯಿತು. ಇನ್ನು ನೆಮ್ಮದಿ ಎಂದುಕೊಂಡೆ.

ನೆಮ್ಮದಿ ಒಂದು ತಿಂಗಳು ಬಾಳಿತು. ಒಂದು ಬೆಳಗ್ಗೆ ಸೂಜಿ ಚುಚ್ಚಿದ ಮೇಲೆ ಬಸ್ಸು ಕೆಟ್ಟಿದೆ ಎಂದು ತಿಳಿದು ಮನೆಗೆ ಹಿಂತಿರುಗಿದೆ. ಅಷ್ಟರಲ್ಲೇ ಕರೆಂಟು ಬಂದಿತ್ತು. ಬದುವಿನ ಮೇಲೆ ಮಾವ ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೊಳವೆ ಸೊಂಟದಲ್ಲೇ ಇತ್ತು. ಮುಚ್ಚಳ ತೆಗೆದೇ ಇರಲಿಲ್ಲ. ನಾನೇ ತೆಗೆದು ಬಾಯಿಗೆ ಹಿಡಿದರೆ ಮುಖ ಆ ಕಡೆ ತಿರುಗಿಸಿದರು.

"ಪೂಜೆ ಆಗಿಲ್ಲ. ಹೆಂಗೆ ತಿನ್ಲಿ?"

ನಮ್ಮದು ಲಿಂಗ ಕಟ್ಟುವ ಮನೆತನ. ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರದಲ್ಲಿ ಎದೆಯ ಮೇಲೆ ಸದಾ ಧರಿಸಿರುತ್ತೇವೆ. ಲಿಂಗಕ್ಕೆ ಪೂಜೆ ಮಾಡಿ ಅರ್ಪಿಸದೆ ಮಾವ ಏಳು ದಶಕದಲ್ಲಿ ಒಂದು ತುತ್ತೂ ಬಾಯಿಗಿಟ್ಟವರಲ್ಲ. ನಾನೋ, ಅವಸರದಲ್ಲಿ ಪ್ರಸಾದ ತಿಂದು ಬಸ್ಸು ಹತ್ತುವವಳು. ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಗಂಡ ಓಡಿಬಂದರು. ಬೈದರು, ಬೇಡಿಕೊಂಡರು. ಕೊನೆಗೆ ಅಲ್ಲೇ ಕಾಲುವೆಯ ನೀರಿನಲ್ಲಿ ಕೈತೊಳೆಸಿ, ಕರಡಿಗೆ ಬಿಚ್ಚಿ, ಲಿಂಗವನ್ನು ಅವರ ಅಂಗೈಯಲ್ಲಿಟ್ಟರು. ಅಂಗೈ ಎಷ್ಟು ನಡುಗುತ್ತಿತ್ತೆಂದರೆ, ಮಗ ತನ್ನ ಅಂಗೈಯನ್ನು ಕೆಳಗೆ ಕೊಟ್ಟು ಹಿಡಿಯಬೇಕಾಯಿತು. ಒಂದು ಸೇವಂತಿಗೆ ಏರಿಸಿ, ಸಕ್ಕರೆ ತೋರಿಸಿ, ಆಮೇಲೆ ಬಾಯಿಗೆ ಹಾಕಿದ್ದಾಯಿತು. ಎರಡು ನಿಮಿಷವಿರಬಹುದು. ಅಷ್ಟು ಉದ್ದದ ಎರಡು ನಿಮಿಷವನ್ನು ನಾನು ಕಂಡಿಲ್ಲ.

ಅವರು ಸುಧಾರಿಸಿಕೊಂಡ ಮೇಲೆ ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. "ನಿಮ್ಮ ಶಿವನಿಗೆ ನೀವು ಸಾಯೋದು ಬೇಕಾ? ನನ್ನ ಕೈಯಲ್ಲಿ ಸೂಜಿ ಚುಚ್ಚಿಸ್ಕೊಂಡು ಸಾಯ್ತೀರಾ?" ಅಂದು, ಅಳು ತಡೆಯಲಾರದೆ ಒಳಗೆ ಹೋದೆ. ಅತ್ತೆ ಇದ್ದಿದ್ದರೆ ಇಬ್ಬರಿಗೂ ಬೈಯುತ್ತಿದ್ದರು. ಅಂದಿನಿಂದ ಪೂಜೆಯಾದ ಮೇಲೆಯೇ ಸೂಜಿ, ನನ್ನ ಬಸ್ಸು ತಪ್ಪಿದರೆ ತಪ್ಪಲಿ ಎಂದು ತೀರ್ಮಾನವಾಯಿತು. ಆದರೆ ಡಾಕ್ಟರು ಫೋನಿನಲ್ಲಿ ಮತ್ತೆ ಹೆದರಿಸಿದರು. ರಾತ್ರಿ ಊಟ ಕಡಿಮೆಯಾಗಿ, ಬೆಳಗ್ಗೆ ಮೈ ದಣಿದರೆ, ಬೆಳಗಿನ ಸೂಜಿ ಇಲ್ಲದೆಯೂ, ಹಿಂದಿನ ಸಂಜೆಯದರಿಂದಲೇ ಸಕ್ಕರೆ ಇಳಿಯಬಹುದಂತೆ. ಪೂಜೆಗೆ ಮುಂಚಿನ ಆ ಎರಡು ಗಂಟೆಗೆ ನನ್ನ ಬಕೆಟ್ಟಿನಲ್ಲಿ ಉತ್ತರವಿರಲಿಲ್ಲ.

ಎರಡು ದಿನ ಮಾವ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬೀರು ತೆಗೆದು, ಬಿಳಿ ವಸ್ತ್ರದ ಒಂದು ಗಂಟು ತಂದು ನನ್ನ ಮುಂದಿಟ್ಟರು. ಬಿಚ್ಚಿದರೆ ಅತ್ತೆಯ ಕರಡಿಗೆ. ಅವರ ಲಿಂಗ ಅವರ ಜೊತೆಗೇ ಮಣ್ಣಿಗೆ ಹೋಗಿತ್ತು. ಖಾಲಿ ಕರಡಿಗೆಯನ್ನು ಕರಗಿಸಿ ಮೊಮ್ಮಗಳಿಗೆ ಹೊಸದು ಮಾಡಿಸುವುದೆಂದು ಮಾತಾಗಿತ್ತು. ಒಂದು ಕಡೆ ತಗ್ಗು, ರುಬ್ಬುವಾಗ ಒರಳಿಗೆ ತಗಲಿದ್ದು.

"ನಿನ್ನೆ ಪೂಜೇಲಿ ಸಕ್ರೆ ಇಟ್ಟು ಅರ್ಪಿಸಿವ್ನಿ," ಎಂದರು. "ಅರ್ಪಿಸಿದ್ ಮ್ಯಾಲೆ ಅದು ಪ್ರಸಾದ. ಪ್ರಸಾದ ಯಾವಾಗಾದ್ರೂ ತಿನ್ಬೋದು. ಇದ್ರಲ್ಲಿ ತುಂಬ್ಸಿ ಎದೆಗೆ ಕಟ್ಕಂಡ್ರೆ, ಬಿಚ್ಚಿಡಾದೂ ಇಲ್ಲ, ಬ್ಯಾಡ ಅನ್ನಾದೂ ಇಲ್ಲ." ಕರಡಿಗೆಯ ತಗ್ಗಿನ ಮೇಲೆ ಹೆಬ್ಬೆರಳಾಡಿಸಿ, "ಅವಳು ಕೊಟ್ರೆ ನಾನು ಯಾವತ್ತು ಬ್ಯಾಡ ಅಂದಿವ್ನಿ?" ಎಂದರು.

ಕೈ ಮುಗಿದು ಎತ್ತಿಕೊಂಡೆ. ಅವರು ಬಿಡಲಿಲ್ಲ.

"ಹಾಕು ಬಕೆಟ್ಗೆ."

"ಮಾವಾ, ಇದನ್ನಾ?"

"ಎಲ್ರಿಗೂ ಒಂದೇ ಪರೀಕ್ಷೆ ಅಲ್ವೇನವ್ವ?"

ಕಲ್ಲು ಕಟ್ಟಲು ಮನಸ್ಸಾಗದೆ ಮಗಳ ಕೈಯಲ್ಲಿ ಒತ್ತಿ ಹಿಡಿಸಿದೆ. ಅತ್ತೆಯ ಕರಡಿಗೆ ಮೊದಲ ಸಲ ಫೇಲಾಯಿತು. ಅವರದೇ ಮಾತು ಬರೆದ ಚೀಟಿಯ ಅಕ್ಷರ ನೀಲಿ ನೀರಾಗಿತ್ತು. ಮಾವ ಬಿದ್ದು ಬಿದ್ದು ನಕ್ಕರು. "ಅವ್ಳು ಯಾವ ಪರೀಕ್ಷೇನೂ ಒಂದೇ ಸಲಕ್ಕೆ ಪಾಸಾಗಿಲ್ಲ ಬುಡು." ಜೇನುಮೇಣವನ್ನು ಬಿಸಿ ಮಾಡಿ ಮುಚ್ಚಳದ ಅಂಚಿಗೆ ಸುತ್ತ ತೆಳ್ಳಗೆ ಹಚ್ಚಿದೆವು. ಎರಡನೇ ಸಲ ಹೊಸ ಚೀಟಿ ಒದ್ದೆಯಾಗದೆ ಬಂತು, ಹತ್ತು ಎಣಿಸುವುದರೊಳಗೆ ಮಾವ ತೆಗೆದೂಬಿಟ್ಟರು. ಹೊಸ ದಾರಕ್ಕೆ ಕಟ್ಟಿ ಮಾವ ಅದನ್ನು ತಮ್ಮ ಕರಡಿಗೆಯ ಪಕ್ಕದಲ್ಲಿ ಇಳಿಬಿಟ್ಟುಕೊಂಡರು. ಎದೆಯ ಮೇಲೆ ಎರಡು ಕರಡಿಗೆ ನೋಡಿ ಸಂತೆಯಲ್ಲಿ ಜನ ಕೇಳಿದರೆ, ಒಂದು ಲಿಂಗದ್ದು, ಇನ್ನೊಂದು ಮನೆಯವಳದ್ದು ಎನ್ನುತ್ತಿದ್ದರಂತೆ. ದಿನಾ ಪೂಜೆಯಲ್ಲಿ ಸಕ್ಕರೆ ಬದಲಾಗುತ್ತಿತ್ತು. ಚೀಟಿಯನ್ನು ಮಾತ್ರ ಅವರು ಒಳಗೇ ಬಿಟ್ಟಿದ್ದರು.

ಕಳೆದ ಭಾನುವಾರ ಹೂ ಹೆಚ್ಚಿತ್ತು. ಬಿಡಿಸಿ ಮುಗಿಯುವಾಗ ಕರೆಂಟು ಬಂತು. ಸ್ನಾನವಿಲ್ಲ, ಪೂಜೆಯಿಲ್ಲ, ಮಾವ ನೀರಿಗಿಳಿದಿದ್ದರು. ನಾನು ದೋಸೆ ಹುಯ್ಯುತ್ತಿದ್ದೆ. ಮೋಟರಿನ ಸದ್ದು ನಿಲ್ಲಲಿಲ್ಲ, ಆದರೆ ಸಲಿಕೆಯ ಸದ್ದು ನಿಂತಿತು. ಒಲೆ ಆರಿಸಿ ಓಡಿದೆ.

ಸೊಂಟದ ತನಕ ಒದ್ದೆಯಾಗಿ, ಎದೆಯ ಮೇಲೆಲ್ಲ ಕೆಸರಾಗಿ, ಮಾವ ಬದುವಿಗೆ ಒರಗಿ ಕೂತಿದ್ದರು. ಬಿದ್ದು ಎದ್ದಿದ್ದರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕೈ ಇನ್ನೂ ನಡುಗುತ್ತಿತ್ತು. ತೊಡೆಯ ಮೇಲೆ ಅತ್ತೆಯ ಕರಡಿಗೆ ಬಾಯಿ ತೆರೆದುಕೊಂಡಿತ್ತು, ಖಾಲಿಯಾಗಿ. ಮೀಸೆಯ ಮೇಲೆ ನಾಲ್ಕು ಹರಳು ಸಕ್ಕರೆ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಸೆರಗಿನಿಂದ ಅವರ ಮುಖದ ಬೆವರು ಒರೆಸಿದೆ.

"ಪೂಜೆ ಮಾಡ್ದೆ ನೀರಿಗಿಳೀಬೇಡಿ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?" ಎಂದು ಶುರು ಮಾಡಿದೆ.

ಮಾವ ಮುಷ್ಟಿ ಬಿಚ್ಚಿ, ಚೀಟಿಯನ್ನು ನನ್ನ ಮುಂದೆ ಹಿಡಿದರು. ಒಂದು ಅಕ್ಷರವೂ ಕದಡಿರಲಿಲ್ಲ.

"ನಾನು ತಿಂದಾಯ್ತು," ಎಂದರು. "ಈಗ ಜಗಳ ಆಡು."