ರಾಂಪುರದ ತನಕ ಹೋಗಿ ಬಂದ ಭಾವ

ನಮ್ಮ ಭಾವನ ಎರಡೂ ಕಾಲುಗಳ ಮೀನಖಂಡದ ಮೇಲೆ, ದಾರ ಹಿಡಿದು ಗುರುತು ಮಾಡಿದ ಹಾಗೆ, ಒಂದು ಗೆರೆ ಇತ್ತು. ಗೆರೆಯಿಂದ ಮೇಲಕ್ಕೆ ಎಲ್ಲರ ಕಾಲಿನಂತೆ ಕಪ್ಪು ಕೂದಲು. ಕೆಳಗೆ ಪಾದದ ತನಕ ಒಂದು ಎಳೆಯೂ ಇಲ್ಲ; ಚರ್ಮ ನುಣ್ಣಗೆ, ಬಣ್ಣವೂ ಸ್ವಲ್ಪ ತಿಳಿ. ವರ್ಷಗಟ್ಟಲೆ ಬೂಟು ಹಾಕಿದ್ದರಿಂದ ಆದದ್ದು. ಲುಂಗಿ ಎತ್ತಿ ಕಟ್ಟಿ ಜಗಲಿಯ ಮೇಲೆ ಕೂತರೆ ಓಣಿಯ ಮಕ್ಕಳು ಬಂದು ಮುಟ್ಟಿ ನೋಡುತ್ತಿದ್ದವು. ಭಾವ ಬೇಡ ಅನ್ನುತ್ತಿರಲಿಲ್ಲ. ಕಾಲು ಚಾಚಿ ಕೂತು ಬೀಡಿ ಹಚ್ಚುತ್ತಿದ್ದರು.

ಅವರು ನನ್ನ ಅಕ್ಕನ ಗಂಡ, ಸೈನ್ಯದಲ್ಲಿ ಲಾರಿ ಚಾಲಕ. ಸ್ವಂತ ಊರು ನಾಯಕನಹಟ್ಟಿ ಕಡೆಯದಾದರೂ ಅಪ್ಪ ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ, ರಜೆ ಸಿಕ್ಕಿದರೆ ನೇರ ನಮ್ಮ ಮನೆಗೇ ಬರುತ್ತಿದ್ದರು. ನಮ್ಮದು ದೇವಸಮುದ್ರದ ಹತ್ತಿರದ ಹಳ್ಳಿ. ಅಕ್ಕನೂ ಆಗ ನಮ್ಮಲ್ಲೇ ಇದ್ದಳು. ಭಾವ ಬಂದಾಗ ಮನೆಯ ನಡವಳಿಕೆಯೇ ಬದಲಾಗುತ್ತಿತ್ತು. ಎದ್ದ ಕೂಡಲೇ ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಇಟ್ಟಿಗೆಯ ಹಾಗೆ ಮಡಚಿಡುವರು; ಅಕ್ಕ ಅದನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಮತ್ತೆ ಮಡಚುವಳು. ಊಟಕ್ಕೆ ಕರೆದರೆ ಮಣೆಯ ಮೇಲೆ ಕೂರದೆ ತಟ್ಟೆ ಹಿಡಿದು ಒಲೆಯ ಮುಂದೆ ನಿಂತುಬಿಡುವರು. ಉಂಡ ತಟ್ಟೆಯನ್ನು ತಾವೇ ತೊಳೆಯುವರು. ಮನೆಯಲ್ಲಿ ಹೆಂಗಸರು ಇಲ್ಲವೇನೋ ಅನ್ನುವ ಹಾಗೆ ಮಾಡುತ್ತಾನೆ ಎಂದು ಅವ್ವನಿಗೆ ಒಳಗೊಳಗೇ ಬೇಜಾರು. ಏನು ಕೇಳಿದರೂ ಅವರ ಮೊದಲ ಉತ್ತರ ಒಂದೇ, "ನೋಡೋಣ ತಡಿ."

ರಜೆಯ ಮೇಲೆ ಬಂದ ಸೈನಿಕನನ್ನು ನಮ್ಮ ಕಡೆ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವಾಗ ಬಂದೆ, ಯಾವಾಗ ಹೋಗ್ತೀಯಾ. ನಮ್ಮ ಓಣಿಯಲ್ಲಿ ಅರ್ಧ ಮನೆಯವರು ತೆಲುಗು ಮಾತಾಡುವುದರಿಂದ ಭಾವ ಇದನ್ನು ಎರಡೂ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕಿತ್ತು. ಬಂದ ದಿನವೇ ಎದುರುಮನೆಯ ಅಜ್ಜಿ "ಎಪ್ಪುಡು ಪೋತಾವಪ್ಪಾ", ಯಾವಾಗ ಹೋಗ್ತೀಯಪ್ಪಾ, ಎಂದು ಶುರು ಮಾಡುತ್ತಿದ್ದಳು. ಹೋಗುವ ದಿನವಂತೂ ಮನೆಯಲ್ಲಿ ಮದುವೆಯ ಗಡಿಬಿಡಿ. ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ, ಕಟಕ್ ರೊಟ್ಟಿಯ ಗಂಟುಗಳು. ಜೊತೆಗೆ ಒಂದು ಕಂಬಳಿ. ಅಲ್ಲಿ ಹಿಮ ಬೀಳುತ್ತದೆ ಎಂದು ಭಾವ ಒಮ್ಮೆ ಬಾಯಿತಪ್ಪಿ ಹೇಳಿದ್ದರು. ಅವತ್ತಿನಿಂದ ಅಪ್ಪ ಪ್ರತಿ ಸಲವೂ ಚಳ್ಳಕೆರೆಗೆ ಹೋಗಿ ಹೊಸ ಕಂಬಳಿ ತಂದು ಹೆಗಲಿಗೆ ಹಾಕಿ ಕಳಿಸುತ್ತಿದ್ದ. ಅವನ್ನೆಲ್ಲ ಭಾವ ಜೊತೆಗಾರರಿಗೆ ಹಂಚಿದ್ದರಂತೆ. ಅಪ್ಪನಿಗೆ ಮಾತ್ರ ಅದನ್ನು ಹೇಳಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಭಾವ ಬಂದರು. ಪೆಟ್ಟಿಗೆ ಎಂದಿಗಿಂತ ದೊಡ್ಡದಿತ್ತು. ನಾವು ಯಾರೂ ಅದನ್ನು ಗಮನಿಸಲಿಲ್ಲ. ಯಾವಾಗ ಹೋಗ್ತೀಯಾ ಎಂದವರಿಗೆಲ್ಲ "ನೋಡೋಣ ತಡಿ" ಎಂದರು. ಅಪ್ಪ ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿ, ಕಳೆದ ಸಲ ಇಷ್ಟು ದಿನಕ್ಕೆ ರಜೆ ಮುಗಿದಿತ್ತು, ಈ ಸಲವೂ ಮುಗಿದಿರಬೇಕು, ಅಳಿಯ ನಾಚಿಕೆಗೆ ಹೇಳುತ್ತಿಲ್ಲ ಎಂದು ತೀರ್ಮಾನಿಸಿ ಗುರುವಾರ ಒಳ್ಳೆಯ ದಿನ ಅಂದ. ಕಂಬಳಿ ಬಂತು. ಓಣಿಯ ಹೆಂಗಸರು ಸೇರಿ ಹೋಳಿಗೆ ಬೇಯಿಸಿದರು. ಗುರುವಾರ ಬೆಳಿಗ್ಗೆ ಅವ್ವ ಹಣೆಗೆ ವಿಭೂತಿ ಹಚ್ಚಿದಳು. ಭಾವ ಎಲ್ಲರ ಕಾಲಿಗೆ ಬಿದ್ದು, ಸುಡುವ ಬಿಸಿಲಿನಲ್ಲಿ ಕಂಬಳಿ ಹೊತ್ತುಕೊಂಡು ಬಳ್ಳಾರಿ ಬಸ್ಸು ಹತ್ತಿದರು. ನಾವು ಕೈ ಬೀಸಿದೆವು.

ಮಧ್ಯಾಹ್ನ ಹೋಳಿಗೆಯ ಹಂಚು ಇನ್ನೂ ತೊಳೆದಿರಲಿಲ್ಲ, ಭಾವ ಅದೇ ಕಂಬಳಿ ಹೊತ್ತುಕೊಂಡು ಓಣಿಯಲ್ಲಿ ನಡೆದು ಬಂದರು. ಅಪ್ಪ ಜಗಲಿಯ ಮೇಲಿದ್ದ.

"ಏನಪ್ಪಾ, ಬಸ್ಸು ಕೆಡ್ತಾ?"

"ಬಸ್ಸು ಚೆನ್ನಾಗೈತೆ ಮಾವ. ನಾನೇ ಇಲ್ಲೇ ರಾಂಪುರದಾಗೆ ಇಳ್ಕೊಂಡೆ. ಮಿಲಿಟ್ರಿ ಬಿಟ್ಟೀನಿ. ಈ ಸಲ ಬರೋವಾಗ್ಲೇ ಬಿಟ್ಟು ಬಂದಿದ್ದೆ."

"ಮತ್ತೆ ಬೆಳಿಗ್ಗೆ ಯಾಕೆ ಹೋದೆ?"

"ನೀವೆಲ್ಲ ಅಷ್ಟು ಪ್ರೀತಿಯಿಂದ ಕಳಿಸ್ತಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅದಕ್ಕೆ ಹೋಗಿ ಬಂದೆ."

ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು, ಇನ್ನು ಹೋಗುವುದಿಲ್ಲ ತಾನೇ ಎಂದು ಒಂದೇ ಒಂದು ಮಾತು ಕೇಳಿ ಒಳಗೆ ಹೋದಳು. ಅವ್ವ ಗಂಟು ಬಿಚ್ಚಿ, ಸುದ್ದಿ ಕೇಳಲು ಬಂದವರಿಗೆಲ್ಲ ಅದೇ ಹೋಳಿಗೆ ಕೊಟ್ಟಳು. ಜನ ತಿನ್ನುತ್ತಾ ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ಇನ್ನು ಕೆಲವು ವರ್ಷ ಹಲ್ಲುಕಚ್ಚಿ ಇದ್ದಿದ್ದರೆ ಕರಾರು ಮುಗಿದು ಪಿಂಚಣಿ ಬರುತ್ತಿತ್ತು. ಅಪ್ಪ ಮಗಳನ್ನು ಕೊಟ್ಟಿದ್ದೇ ಅದನ್ನು ನೋಡಿ.

ಭಾವ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದರು. ಅಪ್ಪನಿಗೆ, ಬೆಟ್ಟದ ರಸ್ತೆಯಲ್ಲಿ ಲಾರಿ ಓಡಿಸಿ ಬೆನ್ನು ಹೋಗಿದೆ ಎಂದು. ಚಹಾದಂಗಡಿಯಲ್ಲಿ, ಮೇಲಿನವನೊಬ್ಬನ ಜೊತೆ ಜಗಳ ಎಂದು. ಎದುರುಮನೆಯ ಅಜ್ಜಿಗೆ ತೆಲುಗಿನಲ್ಲಿ, ಚಳಿ ತಡೆಯಲಾಗಲಿಲ್ಲ ಎಂದು. ಅಕ್ಕನಿಗೆ, ನಿನ್ನನ್ನು ಬಿಟ್ಟಿರಲು ಆಗಲಿಲ್ಲ ಎಂದು. ಅಕ್ಕ ಅದನ್ನು ನಂಬಿದಂತೆ ಮಾಡಿದಳು. ಊರಲ್ಲಿ ನಾಲ್ಕು ಜನ ಸೇರಿ ಕಾರಣಗಳನ್ನು ತಾಳೆ ಹಾಕಿದಾಗ ಇನ್ನಷ್ಟು ಗೋಜಲಾಯಿತು. ನನಗೂ ಅಷ್ಟೇ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳು ಅನ್ನಿಸುತ್ತಿರಲಿಲ್ಲ, ಯಾವುದೂ ಸಾಕು ಅಂತಲೂ ಅನ್ನಿಸುತ್ತಿರಲಿಲ್ಲ.

ಆಮೇಲೆ ಅಕ್ಕ ಭಾವ ಚಳ್ಳಕೆರೆಗೆ ಹೋಗಿ ಬಾಡಿಗೆ ಮನೆ ಮಾಡಿದರು. ಭಾವ ಎಣ್ಣೆ ಮಿಲ್ಲಿನ ಲಾರಿ ಓಡಿಸತೊಡಗಿದರು. ಅಪ್ಪನಿಗೆ ಮಾತ್ರ ಆ ಅವಮಾನ ಇಳಿಯಲಿಲ್ಲ. ಅಳಿಯ ನಡುವೆ ಬಿಟ್ಟಿದ್ದನ್ನು ಮಗ ಮುಗಿಸಬೇಕು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ನನಗೂ ಓಡುವುದೆಂದರೆ ಇಷ್ಟ, ಮೈಕಟ್ಟು ಚೆನ್ನಾಗಿತ್ತು, ಬೇರೆ ಯೋಚನೆಯೂ ಇರಲಿಲ್ಲ. ಆಯ್ಕೆಯಾದೆ. ಬಸ್ ನಿಲ್ದಾಣದಲ್ಲಿ ನನ್ನ ಫೋಟೊ ಹಾಕಿ, ವೀರ ಯೋಧನಿಗೆ ಅಭಿನಂದನೆ ಎಂದು ಫ್ಲೆಕ್ಸ್ ಕಟ್ಟಿದರು. ನಾನಿನ್ನೂ ಬಂದೂಕು ಮುಟ್ಟಿರಲಿಲ್ಲ. ಅಪ್ಪ ಬಸ್ಸಿಗೆ ಕಾಯುವ ನೆಪದಲ್ಲಿ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದ. ಭಾವ ಸೇರು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಒಂದು ಜೊತೆ ಗಟ್ಟಿ ಸಾಕ್ಸು ಕೊಡಿಸಿದರು.

ತರಬೇತಿಯಲ್ಲಿ ನನಗೆ ಯಾರೂ ಕೇಡು ಮಾಡಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೇಳುವವರೆಲ್ಲ ಹೊಡೆದರಾ ಎಂದೇ ಮೊದಲು ಕೇಳುತ್ತಾರೆ. ಊಟ ಚೆನ್ನಾಗಿತ್ತು. ಓಟದಲ್ಲಿ ಮುಂದಿದ್ದೆ. ಜೊತೆಯ ಹುಡುಗರು ಒಳ್ಳೆಯವರು. ಒಂದು ದಿನ ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನಿಗೆ ಇದನ್ನು ಕಟ್ಟುವುದು ಬೇಡ ಅನ್ನಿಸಿತು. ಅಷ್ಟೇ. ಮರುದಿನವೂ ಹಾಗೇ ಅನ್ನಿಸಿತು, ಅದರ ಮರುದಿನವೂ. ಹೆದರಿಕೆ ಅಲ್ಲ, ಮನೆಯ ನೆನಪೂ ಅಲ್ಲ. ಏನು ಎಂದು ಹುಡುಕಿದಷ್ಟೂ ತಲೆ ಕೆಟ್ಟಿತು. ಕೊನೆಗೆ ಮೇಲಿನವರ ಹತ್ತಿರ ಹೋಗಿ, ನಾನು ಸೈನ್ಯ ಬಿಡಬೇಕು ಎಂದು ಹೇಳಿಬಿಟ್ಟೆ. ಅವರು ಬೈದರು, ಸಮಾಧಾನ ಮಾಡಿದರು, ಆಮೇಲೆ ಮನೆಯಿಂದ ಹಿರಿಯರೊಬ್ಬರು ಬಂದು ಬುದ್ಧಿ ಹೇಳಲಿ ಎಂದು ಅಪ್ಪನಿಗೆ ಫೋನು ಮಾಡಿದರು. ಅಪ್ಪ, ನಾನು ಬರುವುದಿಲ್ಲ, ಅವನೂ ಬರಕೂಡದು ಎಂದು ಫೋನು ಇಟ್ಟನಂತೆ. ಬಂದದ್ದು ಭಾವ.

ಅಲ್ಲಿಯ ಸುಬೇದಾರರ ಮುಂದೆ ಭಾವ, ಯಾರೂ ಹೇಳದಿದ್ದರೂ, ಎದೆ ಸೆಟೆಸಿ ಕೈ ಪಕ್ಕಕ್ಕೆ ಅಂಟಿಸಿ ನಿಂತರು. ನೀವೂ ಸೈನ್ಯದಲ್ಲಿ ಇದ್ದವರಾ ಎಂದು ಅವರು ಹಿಂದಿಯಲ್ಲಿ ಕೇಳಿದರು. ಹೌದು ಎಂದರು ಭಾವ. ಪೂರ್ತಿ ಮುಗಿಸಿದಿರಾ ಎಂದು ಕೇಳಿದರು. ಇಲ್ಲ ಎಂದರು. ಸುಬೇದಾರರು ನನ್ನ ಕಡೆ ನೋಡಿ, ಅವರ ಕಡೆ ನೋಡಿ, ಬುದ್ಧಿ ಹೇಳಲು ಸರಿಯಾದವರನ್ನೇ ಕಳಿಸಿದ್ದಾರೆ ಎಂದು ನಕ್ಕರು. ಭಾವನ ಕಿವಿ ಕೆಂಪಾಯಿತು. ಹತ್ತು ಜನ ನೋಡುವಾಗ ಆ ಮನುಷ್ಯನನ್ನು ಅಲ್ಲಿ ಹಾಗೆ ನಿಲ್ಲಿಸಿದ್ದು ನಾನು.

ಆಮೇಲೆ ಇಬ್ಬರೂ ಕ್ಯಾಂಟೀನಿನ ಹಿಂದಿನ ಬೆಂಚಿನ ಮೇಲೆ ಕೂತೆವು. ಅವ್ವ ಕೊಟ್ಟ ರೊಟ್ಟಿ ಚಟ್ನಿ ಬಿಚ್ಚಿ ನನ್ನ ಮುಂದೆ ಇಟ್ಟರು. ಯಾಕೆ ಎಂದು ಕೇಳಿದರು. ಗೊತ್ತಾಗುತ್ತಿಲ್ಲ ಅಂದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ನಾನು ತಡೆಯಲಾರದೆ, ನೀವಾದರೂ ಹೇಳಿ, ನಿಜವಾಗಿ ನೀವು ಯಾಕೆ ಬಿಟ್ಟಿರಿ, ಅದು ಗೊತ್ತಾದರೆ ನನ್ನದೂ ಗೊತ್ತಾದೀತು ಎಂದೆ.

ಭಾವ ತುಂಬಾ ಹೊತ್ತು ರೊಟ್ಟಿ ಮುರಿದರು, ತಿನ್ನಲಿಲ್ಲ.

"ಗೊತ್ತಿದ್ರೆ ನಿನಗೆ ಹೇಳ್ದೆ ಇರ್ತೀನೇನ್ಲೇ? ಬೆನ್ನು ನೋಯ್ತಿತ್ತು, ಖರೆ. ಜಗಳಾನೂ ಆಗಿತ್ತು. ನಿಮ್ಮಕ್ಕನ ನೆನಪೂ ಬರ್ತಿತ್ತು. ಇವೆಲ್ಲ ಇಟ್ಕೊಂಡೇ ಅಲ್ಲಿ ಅಷ್ಟು ವರ್ಷ ಇದ್ದೆ. ಒಂದಿನ ಇರಾಕಾಗ್ಲಿಲ್ಲ. ಬಂದ್ಮೇಲೆ ಸುಖ ಆತಾ ಅಂದ್ರೆ ಅದೂ ಇಲ್ಲ. ಇವತ್ತಿಗೂ ಮಿಲ್ಲಿನಾಗೆ ಸೈರನ್ ಹೊಡೆದ್ರೆ ಎದ್ದು ನಿಂತ್ಕೊಂತೀನಿ."

ಹಾಗಾದರೆ ನಾನು ಏನು ಮಾಡಲಿ ಎಂದೆ. "ಇದ್ರೆ ಇರು, ಬಂದ್ರೆ ಬಾ. ನಾಳೆ ಸಂಜೆ ತನಕ ನಾನು ಇಲ್ಲೇ ಇರ್ತೀನಿ" ಎಂದರು. ನನಗೆ ಸಿಟ್ಟು ಬಂತು. ಇರು ಎಂದು ಬೈಯಬೇಕಿತ್ತು, ಇಲ್ಲವೇ ಬಾ ಎಂದು ಕೈ ಹಿಡಿಯಬೇಕಿತ್ತು. ಅಷ್ಟು ದೂರದಿಂದ ಬಂದು ಇದನ್ನು ಹೇಳುವುದಾ? ಮರುದಿನ ನಾನೇ ಅವರ ಹತ್ತಿರ ಹೋಗಿ, ನಿಮ್ಮ ಜೊತೆ ಬರುತ್ತೇನೆ ಅಂದೆ. ಬಿಡುಗಡೆಯ ಕೆಲಸಗಳೆಲ್ಲ ಮುಗಿಯುವ ತನಕ ಭಾವ ಅಲ್ಲಿಯ ಛತ್ರವೊಂದರಲ್ಲಿ ಉಳಿದು ಕಾದರು.

ರೈಲಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಾ ಅಪ್ಪನ ಮುಖ ಹೇಗಿರಬಹುದು ಎಂದೇ ಯೋಚಿಸುತ್ತಿದ್ದೆ. ಭಾವ ಇದ್ದಕ್ಕಿದ್ದಂತೆ ಹೇಳಿದರು:

"ಊರಿಗೆ ಹೋದ್ರೆ ಎಲ್ರೂ ಯಾಕೆ ಬಂದೆ ಅಂತಾರೆ. ಗೊತ್ತಿಲ್ಲ ಅಂದ್ರೆ ಜನ ಬಿಡಲ್ಲ. ನನ್ನಂಗೆ ಒಬ್ಬೊಬ್ರಿಗೆ ಒಂದೊಂದು ಹೇಳ್ಬ್ಯಾಡ, ಆಮೇಲೆ ನಿನಗೇ ಯಾವುದು ಖರೆ ಅಂತ ತಿಳಿಯಲ್ಲ. ಒಂದೇ ಹೇಳು. ಭಾವ ಕರ್ಕೊಂಡು ಬಂದ ಅನ್ನು."

ಅದು ಸುಳ್ಳಲ್ಲವಾ ಎಂದೆ. "ನೋಡೋಣ ತಡಿ" ಎಂದು ಮಗ್ಗುಲಿಗೆ ತಿರುಗಿ ನಿದ್ದೆ ಹೋದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮನೆಗೆ ಬಂದಾಗ ನನಗಿಂತ ಮುಂಚೆ ಅವರೇ ಮೆಟ್ಟಿಲು ಹತ್ತಿ ಅಪ್ಪನ ಮುಂದೆ ನಿಂತರು. "ಅವನು ಬರಲ್ಲ ಅಂತಿದ್ದ ಮಾವ. ನಾನೇ ಎಳ್ಕೊಂಡು ಬಂದೆ" ಎಂದರು. ಅಪ್ಪ ಎದ್ದು ಒಳಗೆ ಹೋದ. ಅವತ್ತಿನಿಂದ ಅಳಿಯನ ಜೊತೆ ಮಾತಾಡಲಿಲ್ಲ.

ಆ ವಾರವೇ ನಾನು ಅಪ್ಪನಿಗೆ ನಿಜ ಹೇಳಿದೆ. ಭಾವನನ್ನು ಉಳಿಸಲು ಹೇಳುತ್ತೀಯ ಎಂದು ಅವನು ನಂಬಲಿಲ್ಲ. ಅವ್ವ ನಂಬಲಿಲ್ಲ. ನಾನು ಹೇಳಿದಷ್ಟೂ ನನ್ನ ಒಳ್ಳೆಯತನ ಹೆಚ್ಚುತ್ತಾ ಹೋಯಿತು, ಭಾವನ ಮರ್ಯಾದೆ ಇಳಿಯುತ್ತಾ ಹೋಯಿತು. ಇದೆಂಥ ವಿಚಿತ್ರ ಎಂದು ಭಾವನ ಹತ್ತಿರವೇ ಜಗಳವಾಡಿದೆ. ನಿನ್ನ ಅಪ್ಪನಿಗೆ ನನ್ನ ಮೇಲಿನ ಸಿಟ್ಟು ಹಳೆಯದು, ಅದರ ಮೇಲೆ ಇನ್ನೊಂದಿಷ್ಟು ಬಿದ್ದರೆ ಭಾರ ಗೊತ್ತಾಗುವುದಿಲ್ಲ ಎಂದು ಲಾರಿಯ ಕೆಳಗೆ ನುಸುಳಿದರು. ಅಪ್ಪ ಚಳ್ಳಕೆರೆಗೆ ಹೋದರೆ ಅಕ್ಕನ ಮೂಲಕ ಮಾತು ನಡೆಯುತ್ತಿತ್ತು. ಮಜ್ಜಿಗೆ ಬೇಕಾ ಕೇಳು ಎಂದು ಭಾವ, ಬೇಡ ಅನ್ನು ಎಂದು ಅಪ್ಪ, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು.

ನಾನು ಚಳ್ಳಕೆರೆಯಲ್ಲೇ ಮೋಟಾರು ರಿವೈಂಡಿಂಗ್ ಕಲಿತು ಅಂಗಡಿ ಇಟ್ಟೆ. ಅಂಗಡಿಗೆ ಬಂದವರೂ ಹೆಣ್ಣು ಕೊಡುವವರೂ ಯಾಕೆ ಬಿಟ್ಟೆ ಎಂದು ಕೇಳುವರು. ಗೊತ್ತಿಲ್ಲ ಎಂದರೆ ನನ್ನಲ್ಲಿ ಏನೋ ಐಬು ಇದೆ ಎಂಬಂತೆ ನೋಡುವರು. ಸಾಕಾಗಿ, ನಮ್ಮ ಭಾವ ಕರಕೊಂಡು ಬಂದರು ಅನ್ನುತ್ತಿದ್ದೆ. ಪಾಪ ಎಂದು ಸುಮ್ಮನಾಗುತ್ತಿದ್ದರು. ಹೀಗೆ ಬಹಳ ವರ್ಷ ನಡೆಯಿತು. ಬದುಕು ನೆಟ್ಟಗಾಯಿತು, ಮದುವೆಯಾಯಿತು, ಮಕ್ಕಳಾದವು. ಲೇಸು ಕಟ್ಟಲಾಗದ ಆ ಬೆಳಗಿನ ಬಗ್ಗೆ ಯೋಚಿಸದೆಯೂ ಇರಬಹುದಾಗಿತ್ತು.

ಕಳೆದ ಶೇಂಗಾ ಸುಗ್ಗಿಯಲ್ಲಿ ಭಾವ ಮಿಲ್ಲಿನ ಅಂಗಳದಲ್ಲಿ ಲಾರಿ ನಿಲ್ಲಿಸಿ ಇಳಿದವರು ಅಲ್ಲೇ ಎದೆ ಹಿಡಿದು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅಪ್ಪ ಬಂದ. ಮಣ್ಣು ಮಾಡಿ ಬರುವ ತನಕ ಜೊತೆಗೇ ಇದ್ದ. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅಕ್ಕನ ಮನೆಯ ಮುಂದೆ ನಾವಿಬ್ಬರೇ ಕೂತಿದ್ದೆವು. ಅಪ್ಪ ಟವೆಲ್ಲಿನ ತುದಿ ಸುತ್ತುತ್ತಾ ಕೇಳಿದ:

"ಖರೆ ಹೇಳು. ಅವನು ಕರ್ಕೊಂಡು ಬಂದನಾ, ನೀನೇ ಬಂದಿದ್ದಾ?"

"ನಾನೇ ಬಂದಿದ್ದಪ್ಪ. ಆವತ್ತೇ ಹೇಳಿದ್ದೆ."

ಈ ಸಲ ನಂಬಿದ. ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಅವನ ಹೆಗಲು ಅಲುಗುವುದನ್ನು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎನ್ನುವವನ ಹಾಗೆ ಕೇಳಿದ.

"ಮತ್ತೆ ನೀನು ಯಾಕೆ ಬಂದೆ?"

ಹೇಳಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷದ ರೂಢಿಯಿಂದ "ಭಾವ" ಎಂದೇ ಬಂತು. ಅದರ ಹಿಂದೆಯೇ ಅಳು ಬಂತು.