ಹಿಂದೆ ಉಳಿದ ಹುಳ

ಪಾಲಕ್ ಸೊಪ್ಪಿನ ಪೊಟ್ಟಣವೊಂದು ಫ್ರಿಜ್ಜಿನ ಮೂಲೆಯಲ್ಲಿ ಮರೆತು ಹೋಗಿ ಒಳಗೊಳಗೇ ಬೆವೆತಿತ್ತು. ಬಾಯಿ ಕತ್ತರಿಸಿದೆ, ಗಪ್ಪನೆ ವಾಸನೆ ಬಂತು. ಸೊಪ್ಪು ಇನ್ನೂ ಕೊಳೆತಿರಲಿಲ್ಲ. ಒದ್ದೆ ಗೋಣಿಚೀಲದ ಕೆಳಗೆ ಒಟ್ಟಿದ ಹಿಪ್ಪುನೇರಳೆ ಸೊಪ್ಪು ಬೀರುತ್ತದಲ್ಲ, ಆ ಬೆಚ್ಚಗಿನ ಹಸಿ ವಾಸನೆ. ನಿಮಗದು ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ. ಗೊತ್ತಿದ್ದರೆ ಮಾತ್ರ, ಐರ್ಲೆಂಡಿನ ಒಂದು ಸಣ್ಣ ಊರಿನ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡ ನಲವತ್ತರ ಗಂಡಸು ಪ್ಲಾಸ್ಟಿಕ್ ಪೊಟ್ಟಣದೊಳಗೆ ಮೂಗು ತೂರಿಸಿ ನಿಂತಿದ್ದನ್ನು ಕಂಡು ನೀವು ನಗಲಾರಿರಿ.

ಹೌದು, ಏಪ್ರನ್ನೇ. ಹೆಂಡತಿ ಮಂಜುಳ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಕೆಲಸಕ್ಕೆಂದೇ ಬಂದೆವು. ಐದು ವರ್ಷದ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಆ ಯಾರಾದರೂ ನಾನೇ ಆದೆ. ಊರಿನಲ್ಲಿ, ಅಂದರೆ ಶಿಡ್ಲಘಟ್ಟದ ಹತ್ತಿರದ ಜಂಗಮಕೋಟೆಯಲ್ಲಿ, ನಾನು ಹೈಸ್ಕೂಲ್ ಮೇಷ್ಟ್ರಾಗಿದ್ದೆ. ನಾನು ಎದುರಿಗೆ ಬಂದರೆ ಹುಡುಗರು ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದರು. ಇಲ್ಲಿ ನನ್ನ ಮಾತು ಕೇಳುವುದು ವಾಷಿಂಗ್ ಮಷೀನು ಒಂದೇ, ಅದೂ ಬಾಗಿಲು ಸರಿಯಾಗಿ ಮುಚ್ಚಿದರೆ. "ಮನೆಯಿಂದ್ಲೇ ಕೆಲ್ಸ ಅಂತ ಎಲ್ರಿಗೂ ಹೇಳಿದೀನಿ ಕಣಪ್ಪಾ," ಅನ್ನುತ್ತಾಳೆ ಫೋನಿನಲ್ಲಿ ಅಮ್ಮ. "ಸುಳ್ಳೇನೂ ಅಲ್ವಲ್ಲ?"

ಸುಳ್ಳಂತೂ ಅಲ್ಲ. ಬೆಳಿಗ್ಗೆ ಮಗಳ ಡಬ್ಬಿಗೆ ಚಪಾತಿ ಸುತ್ತಿ ಕಳಿಸುತ್ತೇನೆ, ಅರ್ಧ ವಾಪಸ್ಸು ಬರುತ್ತದೆ, ಅದೇ ನನ್ನ ಮಧ್ಯಾಹ್ನದ ಊಟ. ಬಟ್ಟೆ ಹರವಿದರೆ ಮಳೆ, ತೆಗೆದರೆ ಬಿಸಿಲು. ಒರೆಸಿದ ನೆಲ ಒರೆಸಿದಂತೆ ಕಾಣುವುದಿಲ್ಲ, ಒರೆಸದ ಮೂಲೆ ಮಾತ್ರ ಬಂದವರ ಕಣ್ಣಿಗೆ ರಾಚುತ್ತದೆ. ಇನ್ನು ಶಾಲೆಯ ಗೇಟು. ಅಲ್ಲಿ ಮಕ್ಕಳ ತಾಯಂದಿರು ಗುಂಪುಗೂಡಿ ಮಾತಾಡುತ್ತಾರೆ. ಅವರ ಇಂಗ್ಲಿಷು ನನ್ನ ಕಿವಿಗೆ ಬಿದ್ದು ಅರ್ಥವಾಗುವಷ್ಟರಲ್ಲಿ ಅವರು ನಕ್ಕು ಮುಗಿಸಿರುತ್ತಾರೆ. ನಾನು ಕೊನೆಗೆ ಒಬ್ಬನೇ ನಗುತ್ತೇನೆ. ಮಗಳು ಗೆಳತಿಯ ಕೈ ಹಿಡಿದು ಮುಂದೆ ಓಡಿ, ತಿರುವಿನಲ್ಲಿರುವ ಹಸಿರು ಅಂಚೆಪೆಟ್ಟಿಗೆಯ ಹತ್ತಿರ ನಿಂತು, "ಬೇಗ ಬಾಪ್ಪಾ!" ಎಂದು ಕೂಗುತ್ತಾಳೆ. ಆ ಕೂಗು ಕೇಳಿದರೆ ಕುಗ್ಗಿಹೋಗುತ್ತೇನೆ. ಐದು ವರ್ಷದ ಕೂಸಿಗೂ ನಾನು ಹಿಂದೆ ಬಿದ್ದವನಾದೆನಲ್ಲ ಅನ್ನಿಸುತ್ತದೆ.

ಹೋದ ವಾರ ಮಂಜುಳನಿಗೆ ಹೇಳಿಯೇಬಿಟ್ಟೆ. "ನನ್ನ ಕೈಲಾಗಲ್ಲ ಮಂಜು. ನೀವಿಬ್ರೂ ಚೆನ್ನಾಗಿ ಹೊಂದ್ಕೊಂಡಿದೀರ. ನಾನು ಊರಿಗೆ ಹೋಗ್ತೀನಿ. ಅಮ್ಮನ್ನ ಕಳಿಸ್ತೀನಿ, ಮಗೂನ ಅವ್ಳು ನೋಡ್ಕೋತಾಳೆ."

ಡ್ಯೂಟಿಗೆ ಹೊರಟು ಶೂ ಕಟ್ಟಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿದಳು. ಏನೂ ಅನ್ನದೆ ಎದ್ದು ಹೋದಳು. ಅವಳು ಸುಮ್ಮನಿರುವ ಜಾಯಮಾನದವಳಲ್ಲ. ಬಂದ ದಿನದಿಂದ ಅವಳದು ಒಂದೇ ಪಾಠ: "ಆ ಕೋರ್ಸ್ ಸೇರ್ಕೊಳ್ಳಿ, ಈ ಕ್ಲಬ್ಬಿಗೆ ಹೋಗಿ, ನಾಕು ಜನದ್ ಜೊತೆ ಮಾತಾಡಿ." ಅಂಥವಳು ಆಮೇಲೆ ಉಪ್ಪು, ಹುಳಿ, ಮಗಳ ಜಾಕೆಟ್ಟು ಬಿಟ್ಟು ಬೇರೆ ಮಾತೇ ಆಡಲಿಲ್ಲ. ನಾನು ಟಿಕೆಟ್ ನೋಡತೊಡಗಿದೆ.

ಇರಲಿ, ಸೊಪ್ಪಿನ ವಾಸನೆಗೆ ಬರೋಣ. ಅದು ನಮ್ಮ ದೊಡ್ಡಮ್ಮನ ಹುಳದ ಮನೆಯ ವಾಸನೆ. ದೊಡ್ಡಮ್ಮ ಚಿಂತಾಮಣಿ ಕಡೆ ಕೆಂಚಾರ್ಲಹಳ್ಳಿಯವಳು, ಸಿಟ್ಟು ಬಂದರೆ ತೆಲುಗು. ಹಿತ್ತಿಲಿನ ಉದ್ದನೆಯ ಕೋಣೆಯಲ್ಲಿ ಬಿದಿರಿನ ತಟ್ಟೆಗಳ ಸಾಲು, ತಟ್ಟೆ ತುಂಬ ರೇಷ್ಮೆಹುಳ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ದೊಡ್ಡಪ್ಪನಿಗೆ ಬೀಡಿ ಅಂಗಳದಾಚೆ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ದೊಡ್ಡಪ್ಪ ಆ ಬಾಗಿಲಲ್ಲಿ ಮಾತ್ರ ಬೆಕ್ಕಿನಂತೆ ನಿಲ್ಲುತ್ತಿದ್ದರು.

ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು, ಕದಲದೆ ಇರುತ್ತದೆ. ನೋಡಿದವರು ಇದರ ಕಥೆ ಮುಗಿಯಿತು ಅಂದುಕೊಳ್ಳಬೇಕು. ಪೊರೆ ಬಿಟ್ಟು ಏಳುವುದೂ ಎಲ್ಲ ಒಟ್ಟಿಗೆ ಅಲ್ಲ. ಕೆಲವು ಮೊದಲೇ ಎದ್ದು ಹಸಿದು ತಲೆ ಆಡಿಸುತ್ತವೆ, ಕೆಲವು ಇನ್ನೂ ಹಾಗೇ ಇರುತ್ತವೆ. ದೊಡ್ಡಮ್ಮನ ಕಟ್ಟಳೆ ಏನೆಂದರೆ, ತಟ್ಟೆಯಲ್ಲಿ ಹಿಂದುಳಿದವೂ ಏಳುವವರೆಗೆ ಒಂದೆಲೆಯನ್ನೂ ಹಾಕಬಾರದು.

"ಪಾಪ, ಹಸ್ಕೊಂಡವೆ ಕಣೇ. ಎರಡೆಲೆ ಹಾಕಿದ್ರೆ ನಿನ್ನ ಗಂಟೇನು ಹೋಗ್ತೈತೆ?" ಎಂದು ದೊಡ್ಡಪ್ಪ ಪ್ರತಿಸಲ ಗೋಗರೆಯುವರು.

"ಊರ್ಕೋಂಡಿ," ಅನ್ನುವಳು ದೊಡ್ಡಮ್ಮ. ಸುಮ್ಮನಿರಿ ಅಂತ. ಅಲ್ಲಿಗೆ ಮಾತು ಮುಗಿಯಿತು.

ಒಂದು ಸಲ ಅವಳು ನಾಮಕರಣಕ್ಕೆಂದು ಚಿಂತಾಮಣಿಗೆ ಹೋದಳು. ದೊಡ್ಡಪ್ಪನ ಕರುಳು ಕೇಳಲಿಲ್ಲ. ಎದ್ದಷ್ಟು ಹುಳಕ್ಕೆಂದು ತಟ್ಟೆ ತುಂಬ ಸೊಪ್ಪು ಹಾಕಿಬಿಟ್ಟರು. ಎದ್ದವು ತಿಂದು ಕೊಬ್ಬಿದವು. ಏಳದವು ಎಲೆಯ ಅಡಿ ಸಿಕ್ಕಿ ಸೊರಗಿದವು. ಆ ಬೆಳೆ ಆಮೇಲೆ ಒಂದು ಹದಕ್ಕೆ ಬರಲೇ ಇಲ್ಲ. ಗೂಡು ಕಟ್ಟುವ ಹೊತ್ತಿಗೆ ಅದೇ ತಟ್ಟೆಯಲ್ಲಿ ಕೆಲವು ಮೇವು ಮುಗಿಸಿ ಹಣ್ಣಾಗಿ ನೂಲು ಬಿಡುತ್ತಿದ್ದರೆ, ಕೆಲವು ಇನ್ನೂ ಸೊಪ್ಪಿಗೆ ಬಾಯಿ ಬಿಡುತ್ತಿದ್ದವು. ಮನೆ ಮಂದಿಯೆಲ್ಲ ಕೂತು ಒಂದೊಂದನ್ನೇ ಆರಿಸಬೇಕಾಯಿತು. ದೊಡ್ಡಪ್ಪ ಆ ಬೆಳೆ ಮುಗಿಯುವವರೆಗೆ ಜಗಲಿಯ ಮೇಲೇ ಊಟ, ಜಗಲಿಯ ಮೇಲೇ ನಿದ್ದೆ.

ಪಕ್ಕದಲ್ಲಿ ಕೂತು ಹುಳ ಆರಿಸುತ್ತಿದ್ದ ನನಗೆ ದೊಡ್ಡಮ್ಮ ಹೇಳಿದ್ದು ನೆನಪಿದೆ. "ಮುಂದೆ ಎದ್ದಿದ್ದು ಒಂದೊತ್ತು ಕಾದ್ರೆ ಸಾಯಲ್ಲ ಕಣಪ್ಪಾ. ಇನ್ನೂ ಏಳದೇ ಇರೋದರ ತಲೆ ಮೇಲೆ ಸೊಪ್ಪು ಹಾಕಿದ್ರೆ, ಅದು ಏಳೋದಾದ್ರೂ ಹೆಂಗೆ?"

"ಏನ್ರೀ ಅದು, ಅಷ್ಟು ಹೊತ್ತಿಂದ ಮೂಸ್ತಾ ಇದೀರ?"

ಮಂಜುಳನಿಗೆ ಇವತ್ತು ರಜ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳದು ಗೌರಿಬಿದನೂರಿನ ನಗರಗೆರೆ, ಕಡಲೆಕಾಯಿ ಕಂಡವಳೇ ಹೊರತು ಹುಳ ಕಂಡವಳಲ್ಲ. ಅದಕ್ಕೇ ಮೊದಲಿನಿಂದ ಹೇಳಿದೆ, ತಟ್ಟೆ, ದೊಡ್ಡಪ್ಪ, ಜಗಲಿ ಎಲ್ಲ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಲೋಟ ಕೆಳಗಿಟ್ಟಳು.

"ಅಂದ್ರೆ ನಾನೂ ಅದನ್ನೇ ಮಾಡ್ತಿದ್ದೆ, ಅಲ್ವಾ?"

"ಅಯ್ಯೋ, ನಾನು ಹಾಗೆ ಹೇಳ್ಲಿಲ್ಲ ಮಾರಾಯ್ತಿ..."

"ನೀವು ಹೇಳ್ದಿದ್ರೂ ಅದೇ. ಆ ಕೋರ್ಸು, ಈ ಕ್ಲಬ್ಬು. ನಾನೆದ್ದೆ, ನೀವೂ ಏಳ್ಲಿ ಅಂತ ತಂದು ತಂದು ಸುರಿದೆ." ಒಳಗೆ ಬಂದು ನನ್ನ ಪಕ್ಕ ನಿಂತಳು. "ಹೋಗ್ಬೇಡಿ ರೀ. ಒಂದು ವಾರದಿಂದ ಹೇಳ್ಬೇಕು ಅಂತಿದೀನಿ, ಬಾಯೇ ಬರ್ತಿಲ್ಲ. ನೀವು ಯಾವಾಗ್ಲಾದ್ರೂ ಏಳಿ. ಕಾಯ್ತೀವಿ."

ಸೊಪ್ಪನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಲೇ ನಿಂತೆ. ಈರುಳ್ಳಿ ಹೆಚ್ಚದ ದಿನ ಕಣ್ಣಲ್ಲಿ ನೀರು ಬಂದರೆ ನೆಪಕ್ಕೂ ತಾಪತ್ರಯ. ತೊಳೆದ ಸೊಪ್ಪನ್ನು ಬುಟ್ಟಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಹೊದಿಸಿದೆ, ದೊಡ್ಡಮ್ಮ ಗೋಣಿಚೀಲ ಹೊದಿಸುತ್ತಿದ್ದ ಹಾಗೆ.

ಆಯಾಸ ಇಳಿಯಿತೆಂದರೆ ಸುಳ್ಳಾಗುತ್ತದೆ. ಮಧ್ಯಾಹ್ನ ಶಾಲೆಯ ಗೇಟಿಗೆ ಹೋದೆ. ತಾಯಂದಿರು ಏನಕ್ಕೋ ನಕ್ಕರು, ನಾನು ಯಥಾಪ್ರಕಾರ ಕೊನೆಗೆ ನಕ್ಕೆ. ಜಿನುಗು ಮಳೆ. ಮಗಳು ಗೆಳತಿಯ ಕೈ ಹಿಡಿದು ಓಡಿದಳು, ಅಂಚೆಪೆಟ್ಟಿಗೆಯ ಹತ್ತಿರ ನಿಂತಳು, "ಬೇಗ ಬಾಪ್ಪಾ!" ಎಂದು ಕೂಗಿದಳು. ಗೆಳತಿ ಮುಂದಕ್ಕೆ ಕೈ ಜಗ್ಗಿದಳು. ಮಗಳು ತಲೆಯಾಡಿಸಿ ಕೈ ಬಿಡಿಸಿಕೊಂಡು ಅಲ್ಲೇ ನಿಂತಳು, ಮಳೆಯಲ್ಲಿ. ದಿನಾ ಹೀಗೇ ನಿಲ್ಲುತ್ತಿದ್ದಳು. ಇಷ್ಟು ದಿನ ನನಗೆ ಆ ಕೂಗು ಮಾತ್ರ ಕೇಳಿಸುತ್ತಿತ್ತು.

"ಬಂದೆ ಕಣಮ್ಮಾ, ಇರು," ಅಂದೆ.

"ಇದೀನಲ್ಲಪ್ಪಾ," ಅಂದಳು.